ಮಿಲ್ವೇಲ್ ಚರ್ಚಿನ ಭಿತ್ತಿಚಿತ್ರಗಳಲ್ಲಿ ಕ್ರೊಯೇಷಿಯನ್ ವಲಸಿಗರು

ಕ್ರೊಯೇಷಿಯಾದ ಹಳ್ಳಿಗಳಲ್ಲಿ ಚರ್ಚಿನ ಗೋಡೆ ಬಹಳ ಹಿಂದಿನಿಂದಲೂ ಓದುಬರಹ ಬಾರದವರ ಪುಸ್ತಕವಾಗಿತ್ತು. ಇಸ್ಟ್ರಿಯಾ ಪ್ರಾಂತ್ಯದ ಬೆರಮ್ ಎಂಬಲ್ಲಿ ಕಸ್ತಾವ್ ಊರಿನ ವಿನ್ಸೆಂಟ್ 1474ರಲ್ಲಿ ‘ಸಾವಿನ ಕುಣಿತ’ವನ್ನು ಚಿತ್ರಿಸಿದ. ಅದರಲ್ಲಿ ಪೋಪ್, ರಾಜ, ವ್ಯಾಪಾರಿ ಎನ್ನದೆ ಎಲ್ಲರನ್ನೂ ಅಸ್ಥಿಪಂಜರಗಳು ಕೈಹಿಡಿದು ನಡೆಸುತ್ತವೆ. ಹದಿನೆಂಟನೆಯ ಶತಮಾನದಲ್ಲಿ ಉತ್ತರದ ಜಗೋರ್ಯೆ ಸೀಮೆಯ ಚರ್ಚುಗಳನ್ನು ಇವಾನ್ ರಾಂಗರ್ ಬರೋಕ್ ಶೈಲಿಯ ಬಣ್ಣಗಳಿಂದ ತುಂಬಿದ. ಹಣ, ಅಧಿಕಾರ ಮತ್ತು ಸಾವಿನ ಬಗ್ಗೆ ಪೂಜಾಸ್ಥಳದಲ್ಲೇ ನಿಷ್ಠುರವಾಗಿ ಮಾತಾಡುವ ಬೆರಮ್‌ನ ಧಾಟಿ ಮತ್ತೆ ಅಷ್ಟೇ ಗಟ್ಟಿಯಾಗಿ ಕೇಳಿಸಿದ್ದು ಅಮೆರಿಕದ ಒಂದು ಕಾರ್ಮಿಕರ ಊರಿನಲ್ಲಿ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಾಲ್ಮೇಶಿಯಾದ ದ್ರಾಕ್ಷಿ ತೋಟಗಳು ಕೀಟಬಾಧೆಯಿಂದ ನೆಲಕಚ್ಚಿದವು. ಒಳನಾಡಿನಲ್ಲಿ ಕೂಡುಕುಟುಂಬಗಳು ಒಡೆದು ಜಮೀನು ತುಂಡುತುಂಡಾಯಿತು. ಹೀಗೆ ನೆಲೆ ತಪ್ಪಿದವರಲ್ಲಿ ಬಹಳ ಮಂದಿ ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಗಣಿಗಳಿಗೂ ಪಿಟ್ಸ್‌ಬರ್ಗ್ ಸುತ್ತಲಿನ ಉಕ್ಕಿನ ಕಾರ್ಖಾನೆಗಳಿಗೂ ಬಂದರು. 1894ರಲ್ಲಿ ಅಲೆಗೆನಿ ಎಂಬಲ್ಲಿ ಸಂತ ನಿಕೋಲಸನ ಹೆಸರಿನ ಕ್ರೊಯೇಷಿಯನ್ ಚರ್ಚು ಆರಂಭವಾಯಿತು. ಗಾಯಗೊಂಡ ಮತ್ತು ಸತ್ತ ಕಾರ್ಮಿಕರ ಮನೆಯವರಿಗೆ ನೆರವಾಗುವ ಪರಸ್ಪರ ಸಹಾಯ ಸಂಘವೂ ಅದೇ ವರ್ಷ, ಅದೇ ಊರಿನಲ್ಲಿ ಹುಟ್ಟಿತು. 1900ರಲ್ಲಿ ಪಕ್ಕದ ಮಿಲ್ವೇಲ್‌ನಲ್ಲಿ ಅದೇ ಸಂತನ ಹೆಸರಿನ ಇನ್ನೊಂದು ಚರ್ಚು ಎದ್ದಿತು. 1921ರ ಬೆಂಕಿಯಲ್ಲಿ ಅದು ಹಾಳಾಗಿ ಮರುವರ್ಷ ಮತ್ತೆ ಕಟ್ಟಲ್ಪಟ್ಟಿತು. 1937ರಲ್ಲಿ ಅಲ್ಲಿನ ಪಾದ್ರಿಯಾಗಿದ್ದ ಫ್ರಾನ್ಸಿಸ್ಕನ್ ಸನ್ಯಾಸಿ ಆಲ್ಬರ್ಟ್ ಜಗಾರ್, ಅದರ ಗೋಡೆಗಳಿಗೆ ಚಿತ್ರ ಬರೆಯಲು ಮಾಕ್ಸೊ ವಾಂಕಾ ಅವರನ್ನು ಕರೆಸಿದರು.

ವಾಂಕಾ 1889ರಲ್ಲಿ ಜಾಗ್ರೆಬ್‌ನಲ್ಲಿ ಹುಟ್ಟಿದವರು. ಶ್ರೀಮಂತ ಮನೆತನದ ವಿವಾಹಬಾಹಿರ ಸಂತಾನವೆಂದು ನಂಬಲಾದ ಈ ಮಗುವನ್ನು ಜಗೋರ್ಯೆಯ ರೈತ ಹೆಂಗಸೊಬ್ಬಳು ಸಾಕಿದಳು. ಅವರ ಚಿತ್ರಗಳ ತಾಯಂದಿರಿಗೆಲ್ಲ ದುಡಿದು ಒರಟಾದ ದೊಡ್ಡ ಕೈಗಳಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಬ್ರಸೆಲ್ಸ್‌ನಲ್ಲಿ ಕಲಿತು, ಮೊದಲ ಮಹಾಯುದ್ಧದಲ್ಲಿ ರೆಡ್ ಕ್ರಾಸ್ ಸೇವೆಯಲ್ಲಿದ್ದು ಯುದ್ಧವಿರೋಧಿಯಾದ ಅವರು, ಜಾಗ್ರೆಬ್‌ನ ಕಲಾ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾದರು. ಅಮೆರಿಕದ ಮಾರ್ಗರೆಟ್ ಸ್ಟೆಟನ್ ಅವರನ್ನು ಮದುವೆಯಾಗಿದ್ದ ವಾಂಕಾ 1930ರ ದಶಕದ ಮಧ್ಯದಲ್ಲಿ ನ್ಯೂಯಾರ್ಕಿಗೆ ಬಂದು ನೆಲೆಸಿದರು. ಮೆಕ್ಸಿಕೋದ ಡಿಯಾಗೊ ರಿವೇರಾ ಡೆಟ್ರಾಯಿಟ್ ಮ್ಯೂಸಿಯಮ್ಮಿನ ಗೋಡೆಗಳ ಮೇಲೆ ಕಾರ್ಖಾನೆಯ ದುಡಿಮೆಯನ್ನು ಚಿತ್ರಿಸಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು. ವಾಂಕಾ ಅದೇ ವಸ್ತುವನ್ನು ಪೂಜೆ ನಡೆಯುವ ಜಾಗಕ್ಕೆ ತಂದರು.

1937ರ ವಸಂತದಲ್ಲಿ ಸುಮಾರು ಎರಡು ತಿಂಗಳಲ್ಲಿ ಮೊದಲ ಕಂತಿನ ಕೆಲಸ ಮುಗಿಯಿತು. ಬಲಿಪೀಠದ ಮೇಲೆ ಕ್ರೊಯೇಷಿಯನ್ ರೈತ ಹೆಂಗಸಿನ ಉಡುಪು ತೊಟ್ಟ ಮರಿಯಮ್ಮ ಕುಳಿತಿದ್ದಾಳೆ. ಕೆಳಗೆ ಒಂದು ಪಕ್ಕದಲ್ಲಿ ತಾಯ್ನಾಡಿನ ಹೊಲದಲ್ಲಿ ಪ್ರಾರ್ಥಿಸುವ ರೈತರು, ಇನ್ನೊಂದು ಪಕ್ಕದಲ್ಲಿ ಮಿಲ್ವೇಲ್‌ನ ಕಾರ್ಮಿಕರು. ಜಗಾರ್ ಪಾದ್ರಿಯೂ ಅವರ ನಡುವೆ ಇದ್ದಾರೆ. ಆದರೆ ಈ ಕಂತಿನ ತಿರುಳು ಇರುವುದು ಎದುರುಬದುರಾಗಿ ನಿಲ್ಲುವ ಎರಡು ಶೋಕಚಿತ್ರಗಳಲ್ಲಿ. ಒಂದರಲ್ಲಿ ಬಿಳಿಯುಟ್ಟ ಹೆಂಗಸರು ಯುದ್ಧದಲ್ಲಿ ಸತ್ತ ಸೈನಿಕನ ಶವಪೆಟ್ಟಿಗೆಯ ಸುತ್ತ ಅಳುತ್ತಿದ್ದಾರೆ. ಹಿಂದೆ ಶಿಲುಬೆಗಳ ಸಾಲು. ಇನ್ನೊಂದರಲ್ಲಿ ಕಪ್ಪುಟ್ಟ ಹೆಂಗಸರು ದುಡಿಮೆಗೆ ಬಲಿಯಾದ ತರುಣನ ಸುತ್ತ ಕೂತಿದ್ದಾರೆ. ಶವದಡಿಯಲ್ಲಿ ವೃತ್ತಪತ್ರಿಕೆಯ ಹಾಳೆಗಳಿವೆ, ಹಿಂದಿನ ಗುಡ್ಡದಿಂದ ಗಂಡಸರು ಕಾರ್ಖಾನೆಯ ಕಡೆಗೆ ಇಳಿಯುತ್ತಿದ್ದಾರೆ. ಮಗನನ್ನು ಅಲ್ಲಿ ಯುದ್ಧಕ್ಕಾಗಿ, ಇಲ್ಲಿ ಉದ್ಯಮಕ್ಕಾಗಿ ಸಾಕಿದಂತಾಯಿತು ಎಂಬ ಸಂಕಟವನ್ನು ಚಿತ್ರಗಳ ಹೆಸರುಗಳೇ ಹೇಳುತ್ತವೆ. ವಲಸೆ ಹೋದವರಿಗೆ ಸುಖ ಕಾದಿತ್ತೆಂಬ ಕಥೆಯನ್ನು ಇಷ್ಟು ನೇರವಾಗಿ ಅಲ್ಲಗಳೆದ ಧಾರ್ಮಿಕ ಕಲಾಕೃತಿ ಅಪರೂಪ. ತಮ್ಮವರ ಸಾವನ್ನೇ ಪ್ರತಿ ಭಾನುವಾರ ಕಾಣುವಂತೆ ಗೋಡೆಗೇರಿಸಲು ಒಪ್ಪಿದ ಪಾದ್ರಿಯ ಮತ್ತು ಊರವರ ಧೈರ್ಯವೂ ಸಣ್ಣದಲ್ಲ.

ವಾಂಕಾ ರಾತ್ರಿ ಹೊತ್ತು ಕೆಲಸ ಮಾಡುವಾಗ ಚರ್ಚಿನೊಳಗೆ ಅಪರಿಚಿತ ಆಕೃತಿಯೊಂದನ್ನು ಕಂಡ ಸಂಗತಿಯೂ ಪ್ರಸಿದ್ಧವಾಗಿದೆ. ಸ್ಲೊವೇನಿಯಾ ಮೂಲದ ಲೇಖಕ, ಅವರ ಗೆಳೆಯ ಲೂಯಿಸ್ ಆಡಮಿಕ್ 1938ರಲ್ಲಿ ಹಾರ್ಪರ್ಸ್ ಪತ್ರಿಕೆಯಲ್ಲಿ ಇದನ್ನು ಬರೆದರು. ಮಿಲ್ವೇಲ್‌ನ ಹೆಸರು ದೂರದವರೆಗೆ ಹಬ್ಬಲು ಆ ಬರಹವೂ ನೆರವಾಯಿತು.

1941ರಲ್ಲಿ ವಾಂಕಾ ಮತ್ತೆ ಬಂದರು. ಅಷ್ಟರಲ್ಲಿ ಯೂರೋಪು ಎರಡನೆಯ ಮಹಾಯುದ್ಧದಲ್ಲಿ ಬೇಯುತ್ತಿತ್ತು, ಕ್ರೊಯೇಷಿಯಾ ನಾಜಿ ಬೆಂಬಲದ ಆಡಳಿತದ ಕೈಗೆ ಬಿದ್ದಿತ್ತು. ಚಿತ್ರಗಳ ದನಿಯೂ ಉಗ್ರವಾಯಿತು. ‘ಅನ್ಯಾಯ’ ಎಂಬ ಆಕೃತಿ ವಿಷಾನಿಲದ ಮುಖವಾಡ ಧರಿಸಿ ತಕ್ಕಡಿ ಹಿಡಿದಿದೆ. ತಕ್ಕಡಿಯಲ್ಲಿ ರೊಟ್ಟಿಗಿಂತ ಚಿನ್ನದ ತೂಕವೇ ಹೆಚ್ಚು. ಶಿಲುಬೆಯ ಮೇಲಿನ ಕ್ರಿಸ್ತನನ್ನೇ ಸೈನಿಕನೊಬ್ಬ ಬಯೊನೆಟ್ಟಿನಿಂದ ಇರಿಯುತ್ತಾನೆ. ಎತ್ತರದ ಟೊಪ್ಪಿಗೆಯ ಬಂಡವಾಳಗಾರ ಒಬ್ಬನೇ ಊಟಕ್ಕೆ ಕೂತು ಷೇರುಪೇಟೆಯ ವರದಿ ಓದುತ್ತಾನೆ, ಕಪ್ಪುವರ್ಣದ ಸೇವಕ ಬಡಿಸುತ್ತಾನೆ, ಭಿಕ್ಷುಕನೊಬ್ಬ ಕೈಯೊಡ್ಡುತ್ತಾನೆ. ಇದಕ್ಕೆ ಜೋಡಿಯಾದ ಚಿತ್ರದಲ್ಲಿ ಕ್ರೊಯೇಷಿಯನ್ ಕುಟುಂಬವೊಂದು ಬಡ ಊಟದ ಮುಂದೆ ಪ್ರಾರ್ಥಿಸುತ್ತಿದೆ, ಯೇಸು ಅಲ್ಲಿ ಕಾಣಿಸಿಕೊಂಡಿದ್ದಾನೆ. ಕಲೆಯ ದೃಷ್ಟಿಯಿಂದ 1937ರ ತಾಯಂದಿರ ಚಿತ್ರಗಳೇ ಹೆಚ್ಚು ಆಳವಾದವು. ಅಲ್ಲಿ ದುಃಖವೇ ಆರೋಪ ಹೊರಿಸುತ್ತದೆ. ನಾಲ್ಕು ವರ್ಷಗಳ ನಂತರ ಆರೋಪ ಹೊರಿಸುವ ಕೆಲಸವನ್ನು ಸಂಕೇತಗಳಿಗೆ ಬಿಡಲಾಗಿದೆ. ಯುದ್ಧವನ್ನು ನೋಡಿ ಬಂದವನ ಸಿಟ್ಟಿಗೆ ಆ ಸಂಕೇತಗಳು ಬೇಕಾಗಿದ್ದವು ಎಂಬುದೂ ನಿಜ.

ವಾಂಕಾ 1963ರಲ್ಲಿ ಮೆಕ್ಸಿಕೋದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅಷ್ಟರಲ್ಲಿ ಚಿತ್ರಗಳ ಮೇಲೆ ಹೊಗೆಮಸಿ ಕೂರತೊಡಗಿತ್ತು. ಹಸಿ ಗಾರೆಯ ಮೇಲೆ ಬರೆದ ಚಿತ್ರದಲ್ಲಿ ಬಣ್ಣ ಗೋಡೆಯೊಳಗೇ ಸೇರಿಕೊಳ್ಳುತ್ತದೆ. ಮಿಲ್ವೇಲ್‌ನವು ಒಣಗಿದ ಗಾರೆಯ ಮೇಲೆ ಬರೆದವು, ಬಣ್ಣ ಮೇಲ್ಮೈಯಲ್ಲೇ ನಿಂತಿದೆ. ಚಾವಣಿ ಸೋರಿ ಗೋಡೆಗಿಳಿದ ನೀರು ಗಾರೆಯ ಲವಣವನ್ನು ಕರಗಿಸಿ ಹೊರಕ್ಕೆ ತಂದಾಗ ಆ ಬಣ್ಣ ಹಕ್ಕಳೆ ಏಳುತ್ತದೆ. 1980ರಲ್ಲಿ ಚರ್ಚು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. 1991ರಲ್ಲಿ ಚಿತ್ರಗಳ ರಕ್ಷಣೆಗೆಂದೇ ಸಂಘವೊಂದು ರೂಪುಗೊಂಡಿತು. ಅಲೆಗೆನಿಯ ಹಳೆಯ ಸಂತ ನಿಕೋಲಸ್ ಚರ್ಚಿಗೆ ಅಂಥ ಅದೃಷ್ಟವಿರಲಿಲ್ಲ. 2013ರಲ್ಲಿ ಅದನ್ನು ಕೆಡವಲಾಯಿತು. ಮಿಲ್ವೇಲ್‌ನಲ್ಲಿ ಮಾತ್ರ ತಜ್ಞರು ಲವಣ ತೆಗೆದು, ಮಸಿ ಒರೆಸಿ, ಎದ್ದ ಬಣ್ಣವನ್ನು ಮತ್ತೆ ಗೋಡೆಗೆ ಕೂರಿಸುತ್ತ ಒಂದೊಂದಾಗಿ 25 ಚಿತ್ರಗಳ ಸಂರಕ್ಷಣೆಗೆ ಕೈಹಚ್ಚಿದರು.