ಜಿಯೋಕ್ಯಾಶಿಂಗ್‌ಗೆ ಪ್ರತ್ಯೇಕ ಜಿಪಿಎಸ್ ಬೇಕಾ, ಮೊಬೈಲ್ ಸಾಕಾ? ಕೊಳ್ಳುವ ಮುನ್ನ ಇದನ್ನು ಓದಿ

“ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲ್‌ನ ಜಿಪಿಎಸ್ ಕೆಲಸ ಮಾಡಲ್ಲ. ಕಾಡು ಬೆಟ್ಟ ಸುತ್ತುವವರು ಬೇರೆ ಜಿಪಿಎಸ್ ಮೆಷಿನ್ ಇಟ್ಟುಕೊಳ್ಳಲೇಬೇಕು.” ಈ ಮಾತನ್ನು ನೀವೂ ಯಾವುದಾದರೂ ಟ್ರೆಕ್ಕಿಂಗ್ ಗುಂಪಿನಲ್ಲಿ ಓದಿರಬಹುದು. ಮೊದಲ ವಾಕ್ಯ ತಪ್ಪು. ಎರಡನೆಯದು ಕೆಲವರಿಗಷ್ಟೇ ಸರಿ. ಆ ಕೆಲವರು ಯಾರು, ಅವರು ಯಾವುದನ್ನು ಕೊಳ್ಳಬೇಕು, ಯಾವುದನ್ನು ಭಾರತಕ್ಕೆ ತರಲೇಬಾರದು ಎಂಬುದನ್ನು ನೋಡೋಣ.

ಮೊದಲಿಗೆ ಆಟದ ಪರಿಚಯ. ಜಿಯೋಕ್ಯಾಶಿಂಗ್ ಅಂದರೆ ಒಬ್ಬರು ಒಂದು ಸಣ್ಣ ಡಬ್ಬಿಯನ್ನು ಎಲ್ಲೋ ಅಡಗಿಸಿಟ್ಟು, ಆ ಜಾಗದ ಅಕ್ಷಾಂಶ–ರೇಖಾಂಶವನ್ನು ಎಲ್ಲರಿಗೂ ತಿಳಿಸುವುದು, ಉಳಿದವರು ಜಿಪಿಎಸ್ ಹಿಡಿದು ಅದನ್ನು ಹುಡುಕುವುದು. ಡಬ್ಬಿಯೊಳಗೆ ಒಂದು ಪುಟ್ಟ ಪುಸ್ತಕವೋ ಕಾಗದದ ಸುರುಳಿಯೋ ಇರುತ್ತದೆ. ಹೆಸರು, ದಿನಾಂಕ ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಒಳಗೆ ಆಟಿಕೆಯಂಥ ವಸ್ತುಗಳಿದ್ದರೆ ಒಂದನ್ನು ತೆಗೆದುಕೊಂಡು ಅಷ್ಟೇ ಬೆಲೆಯ ಇನ್ನೊಂದನ್ನು ಇಡಬಹುದು. ಅಷ್ಟೇ ಆಟ.

ಇದು ಹುಟ್ಟಿದ ಕಥೆ ಸ್ವಾರಸ್ಯಕರ. ಅಮೆರಿಕದ ಸೇನೆ ತನ್ನ ಜಿಪಿಎಸ್ ಸಂಕೇತದಲ್ಲಿ ಜನಸಾಮಾನ್ಯರಿಗಾಗಿ ಬೇಕೆಂದೇ ಒಂದಿಷ್ಟು ತಪ್ಪು ಬೆರೆಸುತ್ತಿತ್ತು. ಹಾಗಾಗಿ ಸಾಮಾನ್ಯ ಉಪಕರಣ ತೋರಿಸುವ ಜಾಗ ನೂರು ಮೀಟರ್‌ನಷ್ಟು ಆಚೀಚೆ ಆಗುತ್ತಿತ್ತು. 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ ಅವರ ಆದೇಶದಂತೆ ಆ ಕಲಬೆರಕೆ ನಿಂತಿತು. ಜಗತ್ತಿನ ಎಲ್ಲ ಜಿಪಿಎಸ್ ಉಪಕರಣಗಳೂ ಒಂದೇ ರಾತ್ರಿಯಲ್ಲಿ ಸುಮಾರು ಹತ್ತು ಪಟ್ಟು ಚುರುಕಾದವು. ಮೇ 3ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಪುಸ್ತಕ, ವಿಡಿಯೊ, ಕವಣೆ ಮುಂತಾದ ಸಾಮಾನು ತುಂಬಿಟ್ಟು, ಜಾಗದ ಅಂಕಿಗಳನ್ನು ಇಂಟರ್ನೆಟ್‌ನಲ್ಲಿ ಹಾಕಿದರು. ಕೆಲವೇ ದಿನಗಳಲ್ಲಿ ಜನ ಅದನ್ನು ಹುಡುಕಿಯೇಬಿಟ್ಟರು. ಇಂದು ಲೋಕದಾದ್ಯಂತ ಇಂಥ ಡಬ್ಬಿಗಳ ಸಂಖ್ಯೆ ಮೂವತ್ತು ಲಕ್ಷ ದಾಟಿದೆ. ಬೆಂಗಳೂರಿನಲ್ಲೂ ಇವೆ. ಅಮೆರಿಕ, ಜರ್ಮನಿಗಳಲ್ಲಿರುವ ಕನ್ನಡಿಗರಿಗಂತೂ ಮನೆಯ ಪಕ್ಕದ ಪಾರ್ಕಿನಲ್ಲೇ ಒಂದು ಸಿಕ್ಕೀತು.

ನೆಟ್ ಇಲ್ಲದೆ ಜಿಪಿಎಸ್ ನಡೆಯುತ್ತದಾ?

ನಡೆಯುತ್ತದೆ. ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತ “ನಾನು ಇಂಥವನು, ಈಗ ಇಲ್ಲಿದ್ದೇನೆ, ಈಗ ಗಂಟೆ ಇಷ್ಟು” ಎಂದು ಸಾರುತ್ತಲೇ ಇರುತ್ತವೆ. ಆ ಸಂಕೇತ ತಲುಪಲು ಎಷ್ಟು ಹೊತ್ತಾಯಿತು ಎಂಬುದರಿಂದ ನಿಮ್ಮ ಫೋನು ದೂರವನ್ನು ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹಗಳ ದೂರ ಸಿಕ್ಕರೆ ನೀವಿರುವ ಜಾಗ ಸಿಕ್ಕಿತು. ಮೂರು ಸಾಲದೇ ಎಂದರೆ, ಫೋನಿನೊಳಗಿನ ಗಡಿಯಾರ ಅಷ್ಟು ಕರಾರುವಾಕ್ಕಲ್ಲ. ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗ ತಪ್ಪಿದರೂ ಜಾಗ 300 ಮೀಟರ್ ತಪ್ಪುತ್ತದೆ. ಆ ತಪ್ಪನ್ನು ಸರಿಪಡಿಸಲು ನಾಲ್ಕನೆಯದು ಬೇಕು.

ಇಡೀ ಲೆಕ್ಕದಲ್ಲಿ ಸಿಮ್ಮಿಗೂ ಟವರಿಗೂ ಕೆಲಸವಿಲ್ಲ. ಹಾಗಾದರೆ ನೆಟ್ ಹೋದ ಕೂಡಲೇ ಮ್ಯಾಪ್ ಯಾಕೆ ಕೈಕೊಡುತ್ತದೆ? ನಕ್ಷೆಯ ಚಿತ್ರ ಇಂಟರ್ನೆಟ್‌ನಿಂದ ಬರಬೇಕು, ಅದು ಬರುವುದಿಲ್ಲ. ಖಾಲಿ ಪರದೆಯ ಮೇಲಿನ ನೀಲಿ ಚುಕ್ಕೆ ಮಾತ್ರ ಸರಿಯಾದ ಜಾಗದಲ್ಲೇ ಇರುತ್ತದೆ. ಮನೆಯಲ್ಲೇ ಆ ಪ್ರದೇಶದ ನಕ್ಷೆಯನ್ನು ಡೌನ್‌ಲೋಡ್ ಮಾಡಿಕೊಂಡರೆ ಈ ತೊಂದರೆ ಮುಗಿಯಿತು. ಓಎಸ್‌ಎಮ್ಆ್ಯಂಡ್, ಆರ್ಗ್ಯಾನಿಕ್ ಮ್ಯಾಪ್ಸ್ ಥರದ ಆ್ಯಪ್‌ಗಳು ಇದಕ್ಕೆಂದೇ ಇವೆ.

ನೆಟ್‌ವರ್ಕ್‌ನಿಂದ ಒಂದು ಉಪಕಾರ ಇದೆ ಎಂಬುದು ನಿಜ. ಉಪಗ್ರಹಗಳು ಎಲ್ಲಿವೆ ಎಂಬ ಮಾಹಿತಿ ಆಕಾಶದಿಂದ ಸೆಕೆಂಡಿಗೆ ಬರೀ 50 ಬಿಟ್ ವೇಗದಲ್ಲಿ ಇಳಿಯುತ್ತದೆ. ಫೋನು ಅದನ್ನೇ ಇಂಟರ್ನೆಟ್‌ನಿಂದ ಕ್ಷಣದಲ್ಲಿ ಪಡೆದುಕೊಳ್ಳುತ್ತದೆ. ನೆಟ್ ಇಲ್ಲದಾಗ ಮೊದಲ ಸಲ ಜಾಗ ಗೊತ್ತಾಗಲು ಅರ್ಧ ನಿಮಿಷದಿಂದ ಕೆಲವು ನಿಮಿಷ ಬೇಕಾಗುವುದು ಇದರಿಂದಲೇ. ಆಕಾಶ ಕಾಣುವ ಕಡೆ ಸುಮ್ಮನೆ ನಿಂತು ಕಾಯಿರಿ. “ಜಿಪಿಎಸ್ ಕೆಟ್ಟಿದೆ” ಎಂದು ಫೋನು ಆಫ್ ಮಾಡಿ ಆನ್ ಮಾಡಿದರೆ ತಡವಾಗುವುದು ಇನ್ನೂ ಹೆಚ್ಚುತ್ತದೆ.

ಇನ್ನೊಂದು ಭಯ, ಜಿಪಿಎಸ್ ಹಾಕಿದರೆ ಉಪಗ್ರಹದವರಿಗೆ ನಾವಿರುವ ಜಾಗ ಗೊತ್ತಾಗುತ್ತದೆ ಎಂಬುದು. ಇಲ್ಲ. ಇದು ರೇಡಿಯೊದಂತೆ ಕೇಳುವ ಯಂತ್ರ. ಮನೆಯಲ್ಲಿ ಆಕಾಶವಾಣಿ ಹಾಕಿದ್ದೀರೆಂದು ನಿಲಯದವರಿಗೆ ಹೇಗೆ ತಿಳಿಯುವುದಿಲ್ಲವೋ ಹಾಗೆ. ಜಾಗದ ಮಾಹಿತಿ ಹೊರಗೆ ಹೋಗುವುದು ಫೋನಿನಲ್ಲಿರುವ ಆ್ಯಪ್‌ಗಳಿಂದ, ಇಂಟರ್ನೆಟ್ ಮೂಲಕ.

ಹಾಗಾದರೆ ಬೇರೆ ಉಪಕರಣ ಯಾರಿಗೆ?

ಊರೊಳಗೆ, ಪಾರ್ಕಿನಲ್ಲಿ, ಒಂದು ದಿನದ ನಡಿಗೆಯಲ್ಲಿ ಡಬ್ಬಿ ಹುಡುಕುವವರು ದುಡ್ಡು ಹಾಕಬೇಕಿಲ್ಲ. ಬಯಲಿನಲ್ಲಿ ಈಗಿನ ಸ್ಮಾರ್ಟ್‌ಫೋನು ಸುಮಾರು 5 ಮೀಟರ್ ಒಳಗೆ ಜಾಗ ತೋರಿಸುತ್ತದೆ. ದುಬಾರಿ ಉಪಕರಣವೂ ಬಯಲಿನಲ್ಲಿ ಇದಕ್ಕಿಂತ ಬಹಳ ಮುಂದೇನೂ ಇಲ್ಲ. ಮೊದಲ ಹತ್ತಿಪ್ಪತ್ತು ಡಬ್ಬಿಗಳನ್ನು ಫೋನಿನಲ್ಲೇ ಹುಡುಕಿ. ಆಟ ಹಿಡಿಸಿತೋ ಇಲ್ಲವೋ ಅಷ್ಟರಲ್ಲಿ ಗೊತ್ತಾಗುತ್ತದೆ.

ಫೋನು ಸೋಲುವುದು ಬೇರೆ ಕಡೆ. ಮೊದಲನೆಯದು ಬ್ಯಾಟರಿ. ದಿನವಿಡೀ ಪರದೆ ಬೆಳಗಿಸಿಕೊಂಡು ಹುಡುಕಿದರೆ ಸಂಜೆಗೆ ಫೋನು ಸತ್ತಿರುತ್ತದೆ, ಆಗ ಕರೆ ಮಾಡಲೂ ದಾರಿಯಿಲ್ಲ. ಕಾಡಿನಲ್ಲಿ ಇದು ಆಟದ ವಿಷಯವಲ್ಲ, ಜೀವದ ವಿಷಯ. ಎರಡನೆಯದು ಮಳೆ. ಒದ್ದೆ ಬೆರಳಿಗೆ, ಒದ್ದೆ ಗಾಜಿಗೆ ಟಚ್‌ಸ್ಕ್ರೀನ್ ಮಾತು ಕೇಳುವುದಿಲ್ಲ. ಮಲೆನಾಡಿನ ಜುಲೈ ನೋಡಿದವರಿಗೆ ಹೇಳಬೇಕಿಲ್ಲ. ಮೂರನೆಯದು ಕಲ್ಲಿನ ಮೇಲೆ ಬಿದ್ದರೆ ಆಗುವ ಖರ್ಚು. ಹಲವು ದಿನಗಳ ಚಾರಣ ಮಾಡುವವರು, ಹಿಮಾಲಯಕ್ಕೆ ಹೋಗುವವರು, ವಾರ ವಾರವೂ ಕಾಡಿನಲ್ಲಿ ಡಬ್ಬಿ ಹುಡುಕುವವರು ಪ್ರತ್ಯೇಕ ಉಪಕರಣ ಕೊಂಡರೆ ಅರ್ಥವಿದೆ.

ಏನು ನೋಡಿ ಕೊಳ್ಳಬೇಕು?

ನನ್ನ ಮಟ್ಟಿಗೆ ಮೊದಲ ಪ್ರಶ್ನೆ: ಯಾವ ಬ್ಯಾಟರಿ? ಅಂಗಡಿಯಲ್ಲಿ ಸಿಗುವ ಎಎ ಸೆಲ್ ಹಾಕುವಂಥದ್ದಾದರೆ ಜೇಬಿನಲ್ಲಿ ಎರಡು ಹೆಚ್ಚುವರಿ ಸೆಲ್ ಇಟ್ಟುಕೊಂಡರೆ ಸಾಕು, ಚಾರ್ಜರ್ ಹುಡುಕಬೇಕಿಲ್ಲ. ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ಸಾಲಿನ 22ಎಕ್ಸ್ ಎರಡು ಎಎ ಸೆಲ್‌ನಲ್ಲಿ 25 ಗಂಟೆ ನಡೆಯುತ್ತದೆಂದು ಕಂಪನಿ ಹೇಳುತ್ತದೆ. 2023ರಲ್ಲಿ ಬಂದ ಇಟ್ರೆಕ್ಸ್ ಎಸ್‌ಇಗೆ ಅದು ಕೊಡುವ ಲೆಕ್ಕ 168 ಗಂಟೆ, ಅಂದರೆ ಪೂರಾ ಒಂದು ವಾರ. ಅಮೆರಿಕದಲ್ಲಿ ಅದು ಸುಮಾರು 150 ಡಾಲರ್‌ಗೆ ಮಾರುಕಟ್ಟೆಗೆ ಬಂತು. ಆದರೆ ಅದರಲ್ಲಿ ನಕ್ಷೆ ಇಲ್ಲ. ಬಾಣದ ಗುರುತು ಹಿಡಿದು ನಡೆಯಬೇಕು, ನಕ್ಷೆಗೆ ಫೋನನ್ನೇ ನೋಡಬೇಕು. ಡಬ್ಬಿ ಹುಡುಕಲು ಬಾಣ ಸಾಕು. ಅಪರಿಚಿತ ಕಾಡಿನಲ್ಲಿ ದಾರಿ ಹುಡುಕಲು ಸಾಲದು.

ಎರಡನೆಯದು ದಿಕ್ಸೂಚಿ, ಅಂಗಡಿಯಲ್ಲಿ ಯಾರೂ ಕೇಳದ ಪ್ರಶ್ನೆ. ಜಿಪಿಎಸ್‌ಗೆ ನೀವೆಲ್ಲಿದ್ದೀರಿ ಎಂಬುದು ಗೊತ್ತು, ಯಾವ ಕಡೆ ಮುಖ ಮಾಡಿ ನಿಂತಿದ್ದೀರಿ ಎಂಬುದು ಗೊತ್ತಿಲ್ಲ. ನಡೆಯುತ್ತಿದ್ದರೆ ಮಾತ್ರ ಅದು ದಿಕ್ಕನ್ನು ಊಹಿಸುತ್ತದೆ. ಡಬ್ಬಿಯ ಹತ್ತಿರ ಬಂದಾಗ ನೀವು ನಿಂತು ನಿಂತು ಹುಡುಕುತ್ತೀರಿ, ಆಗ ಬಾಣ ಗಿರಗಿರನೆ ತಿರುಗುತ್ತದೆ. ಒಳಗೆ ಎಲೆಕ್ಟ್ರಾನಿಕ್ ದಿಕ್ಸೂಚಿ ಇದ್ದರೆ ಈ ಕಾಟವಿಲ್ಲ. ಇಟ್ರೆಕ್ಸ್ 22ಎಕ್ಸ್‌ನಲ್ಲಿ ಅದಿಲ್ಲ, 32ಎಕ್ಸ್ ಮತ್ತು ಎಸ್‌ಇಯಲ್ಲಿದೆ. ಹೆಚ್ಚಿನ ಫೋನುಗಳಲ್ಲೂ ಇರುತ್ತದೆ. ಅಯಸ್ಕಾಂತದಿಂದ ಮುಚ್ಚುವ ಫೋನ್ ಕವರ್ ಬಳಸುವವರು ಹುಡುಕಾಟಕ್ಕೆ ಮುಂಚೆ ಅದನ್ನು ತೆಗೆದಿಡಿ, ಇಲ್ಲವಾದರೆ ಬಾಣ ತೋರಿಸುವುದು ನಿಮ್ಮ ಕವರನ್ನೇ.

ಮೂರನೆಯದು ಎರಡು ಆವರ್ತನದ ಸ್ವೀಕಾರ, ಪೆಟ್ಟಿಗೆಯ ಮೇಲೆ ಎಲ್1, ಎಲ್5 ಎಂದು ಬರೆದಿರುತ್ತದೆ. ಬಂಡೆ, ಕಟ್ಟಡಗಳಿಗೆ ಬಡಿದು ಬರುವ ಸಂಕೇತದ ಪ್ರತಿಧ್ವನಿ ಜಿಪಿಎಸ್‌ಗೆ ದೊಡ್ಡ ಮೋಸಗಾರ. ಎಲ್5 ಇದ್ದರೆ ಆ ಮೋಸ ಕಡಿಮೆ. ಗಾರ್ಮಿನ್‌ನ ಜಿಪಿಎಸ್‌ಮ್ಯಾಪ್ 65 ಮತ್ತು 67ರಲ್ಲಿ ಇದಿದೆ. 2018ರಿಂದೀಚೆಗೆ ಹಲವು ಫೋನುಗಳಲ್ಲೂ ಬಂದಿದೆ. ನಮ್ಮ ಇಸ್ರೊದ ನಾವಿಕ್ ಉಪಗ್ರಹಗಳು ಬಳಸುವ ಆವರ್ತನಗಳಲ್ಲೂ ಎಲ್5 ಒಂದು. ನಾವಿಕ್‌ನ ನಿಯಂತ್ರಣ ಕೇಂದ್ರಗಳಲ್ಲೊಂದು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲೇ ಇದೆ.

ಕೈಯಲ್ಲಿ ಹಿಡಿಯುವ ರೀತಿಯೂ ಮುಖ್ಯ. ಇಟ್ರೆಕ್ಸ್‌ನಂಥವನ್ನು ಅಂಗೈ ಮೇಲೆ ಆಕಾಶ ನೋಡುವಂತೆ ಮಲಗಿಸಿ ಹಿಡಿಯಬೇಕು. ತಲೆಯ ಮೇಲೆ ದಪ್ಪ ಆಂಟೆನಾ ಇರುವ ಜಿಪಿಎಸ್‌ಮ್ಯಾಪ್ ಮಾದರಿಯನ್ನು ನೆಟ್ಟಗೆ ನಿಲ್ಲಿಸಿ. ನೀರಿನ ವಿಚಾರದಲ್ಲಿ ಐಪಿಎಕ್ಸ್7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದರ್ಥ.

‘ಐ’ ಅಕ್ಷರದ ಬಗ್ಗೆ ಎಚ್ಚರ

ಈ ಲೇಖನದಲ್ಲಿ ಒಂದೇ ಪ್ಯಾರಾ ಫಾರ್ವರ್ಡ್ ಮಾಡುವುದಾದರೆ ಇದನ್ನೇ ಮಾಡಿ. ಕೆಲವು ಉಪಕರಣಗಳು ಜಾಗ ತೋರಿಸುವುದರ ಜೊತೆಗೆ ಉಪಗ್ರಹದ ಮೂಲಕ ಸಂದೇಶವನ್ನೂ ಕಳಿಸುತ್ತವೆ. ಗಾರ್ಮಿನ್‌ನ ಇನ್‌ರೀಚ್ ಅಂಥದ್ದು. ಜಿಪಿಎಸ್‌ಮ್ಯಾಪ್ 67ಐ ಎಂಬಲ್ಲಿನ ‘ಐ’ ಹೇಳುವುದೂ ಅದನ್ನೇ. ಭಾರತದಲ್ಲಿ ಸರ್ಕಾರದ ಅನುಮತಿಯಿಲ್ಲದೆ ಇಂಥ ಉಪಗ್ರಹ ಸಂಪರ್ಕ ಸಾಧನ ಇಟ್ಟುಕೊಳ್ಳುವುದು ಅಪರಾಧ. 2024ರ ಡಿಸೆಂಬರ್‌ನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರು ಇನ್‌ರೀಚ್ ಇಟ್ಟುಕೊಂಡಿದ್ದಕ್ಕೆ ಪೊಲೀಸರ ಕೈಗೆ ಸಿಕ್ಕರು. ತಮ್ಮ ದೇಶದಲ್ಲಿ ಅಂಗಡಿಯಲ್ಲಿ ಸಿಗುವ ವಸ್ತು ಇಲ್ಲಿ ಕೇಸು ತರುತ್ತದೆಂದು ಅವರಿಗೆ ಗೊತ್ತೇ ಇರಲಿಲ್ಲ. ವಿದೇಶದಲ್ಲಿರುವ ಮಗನೋ ಅಳಿಯನೋ “ಟ್ರೆಕ್ಕಿಂಗ್‌ಗೆ ಉಪಯೋಗಕ್ಕೆ ಬರುತ್ತೆ” ಎಂದು ಪ್ರೀತಿಯಿಂದ ತಂದುಕೊಡುವ ಮುಂಚೆ ಮಾಡೆಲ್ ಹೆಸರು ಕೇಳಿ. ಬರೀ ಸಂಕೇತ ಕೇಳುವ ಸಾಮಾನ್ಯ ಜಿಪಿಎಸ್ ಉಪಕರಣಕ್ಕೆ ಈ ತೊಡಕಿಲ್ಲ.

ಚುಕ್ಕೆ ತಪ್ಪಿದರೆ ಕನಕಪುರ

ಉಪಕರಣ ಎಷ್ಟೇ ಒಳ್ಳೆಯದಾದರೂ ಅಂಕಿ ತಪ್ಪು ಹಾಕಿದರೆ ಪ್ರಯೋಜನವಿಲ್ಲ. ಈ ಆಟದಲ್ಲಿ ಜಾಗವನ್ನು ಡಿಗ್ರಿ ಮತ್ತು ದಶಮಾಂಶ ನಿಮಿಷದಲ್ಲಿ ಬರೆಯುತ್ತಾರೆ, ಫೋನಿನ ಮ್ಯಾಪು ಬರೀ ದಶಮಾಂಶ ಡಿಗ್ರಿಯಲ್ಲಿ. ವಿಧಾನಸೌಧ ಇರುವುದು ಸುಮಾರು ಉತ್ತರ 12° 58.78′, ಪೂರ್ವ 77° 35.44′ರಲ್ಲಿ. ಇದನ್ನು ಅವಸರದಲ್ಲಿ 12.5878, 77.3544 ಎಂದು ಟೈಪ್ ಮಾಡಿದರೆ ಮ್ಯಾಪು ನಿಮ್ಮನ್ನು ಐವತ್ತು ಕಿ.ಮೀ. ದೂರ, ಕನಕಪುರದ ಹತ್ತಿರ ಇಳಿಸುತ್ತದೆ! ನಿಮಿಷವನ್ನು 60ರಿಂದ ಭಾಗಿಸಿ ಬರೆಯಬೇಕು: 12.9797, 77.5907. ಸಹಾಯಕ್ಕೆ ಕರೆದವರಿಗೆ ಜಾಗ ಹೇಳುವಾಗಲೂ ಇದೇ ತಪ್ಪು ಆಗಬಹುದು. ಡಿಗ್ರಿ, ನಿಮಿಷ ಎಂಬ ಪದಗಳನ್ನು ಬಾಯಿಬಿಟ್ಟು ಹೇಳಿ.

ಬಾಣ “0 ಮೀಟರ್” ಎಂದಾಗ ಡಬ್ಬಿ ಕಾಲಡಿಯಲ್ಲೇ ಇರಬೇಕೆಂದಿಲ್ಲ. ಅಡಗಿಸಿದವರ ಉಪಕರಣ ಐದು ಮೀಟರ್ ತಪ್ಪಿರಬಹುದು, ನಿಮ್ಮದು ಇನ್ನೈದು. ಹತ್ತು ಮೀಟರ್ ಒಳಗೆ ಬಂದ ಮೇಲೆ ಜಿಪಿಎಸ್ ಜೇಬಿಗಿಟ್ಟು ಕಣ್ಣಿಗೆ ಕೆಲಸ ಕೊಡಿ. ಅಗೆಯುವುದಂತೂ ಬೇಡ, ಡಬ್ಬಿಯನ್ನು ಹೂಳಬಾರದೆಂಬುದೇ ಆಟದ ನಿಯಮ.

ಅಗೆಯುವ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ನೆಲದೊಳಗಿನ ಚಿನ್ನವನ್ನು ದೂರದಿಂದಲೇ ತೋರಿಸುವ “ನಿಧಿ ಶೋಧಕ ಜಿಪಿಎಸ್” ಎಂದು ಯಾರಾದರೂ ಮಾರಲು ಬಂದರೆ ಅದು ಶುದ್ಧ ಮೋಸ. ಜಿಪಿಎಸ್‌ಗೆ ತನ್ನ ಜಾಗ ಬಿಟ್ಟು ಬೇರೇನೂ ತಿಳಿಯದು. ದಾರಿ ತಪ್ಪಿ ಬ್ಯಾಟರಿ ಮುಗಿಯುತ್ತಿದ್ದರೆ ವಾಯ್ಸ್‌ಮೇಲ್ ಸಂದೇಶ ಬದಲಿಸಿ ಜಾಗ ತಿಳಿಸಿ ಎಂಬ ಹಳೆಯ ಫಾರ್ವರ್ಡ್ ಕೂಡ ನಂಬಬೇಡಿ. ಅದನ್ನು ಬದಲಿಸಲೂ ನೆಟ್‌ವರ್ಕ್ ಬೇಕು. ನೆಟ್‌ವರ್ಕ್ ಇದ್ದರೆ ನೇರವಾಗಿ 112ಕ್ಕೆ ಕರೆ ಮಾಡಿ. ಸಂಕೇತ ದುರ್ಬಲವಾಗಿ ಕರೆ ಹೋಗದಿದ್ದರೆ ಅಕ್ಷಾಂಶ–ರೇಖಾಂಶವನ್ನು ಮನೆಯವರಿಗೆ ಎಸ್ಎಂಎಸ್ ಕಳಿಸಿ.

ನೀವೇ ಡಬ್ಬಿ ಇಡುವುದಾದರೆ ಪಾರದರ್ಶಕ ಡಬ್ಬಿ ಬಳಸಿ, ಹೊರಗೆ ದೊಡ್ಡದಾಗಿ ಆಟದ ಹೆಸರು ಬರೆಯಿರಿ. 2011ರಲ್ಲಿ ಇಂಗ್ಲೆಂಡಿನ ವೆದರ್ಬಿ ಪಟ್ಟಣದಲ್ಲಿ ಇಂಥ ಒಂದು ಡಬ್ಬಿಯನ್ನು ಬಾಂಬ್ ಎಂದು ತಿಳಿದು ಪೇಟೆಯನ್ನೇ ತೆರವು ಮಾಡಿಸಿದ್ದರು. ರೈಲು ನಿಲ್ದಾಣ, ದೇವಸ್ಥಾನ, ಶಾಲೆ, ಸೇನೆಯ ಜಾಗಗಳ ಹತ್ತಿರ ಬೇಡವೇ ಬೇಡ. ಕಾಯ್ದಿಟ್ಟ ಅರಣ್ಯದೊಳಗೆ ಕಾಲಿಡಲೂ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ.