ಕೆರೆಯ ತೂಬು: ಮರೆತುಹೋದ ಒಂದು ಶಿಲಾಕಾರ್ಯ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ಹೋಬಳಿಯೂ ನೆರೆಯ ತಿಪಟೂರು, ಚಿಕ್ಕನಾಯಕನಹಳ್ಳಿ ಸೀಮೆಗಳೂ ತೆಂಗಿನ ನಾಡೆಂದು ಹೆಸರಾಗಿವೆ. ಆದರೆ ತೆಂಗಿಗೆ ನೆಲೆಯಾದದ್ದು ಕೆರೆ. ಹೊಯ್ಸಳರ ಕಾಲದ ದೇಗುಲಗಳನ್ನು ನೋಡಲು ತುರುವೇಕೆರೆಗೆ ಬರುವ ವಿದ್ವಾಂಸರು ಈ ಸೀಮೆಯ ಹಳೆಯ ಕೆರೆಗಳ ಏರಿಯನ್ನು ಹತ್ತಿ, ಒಳಮಗ್ಗುಲಲ್ಲಿ ನಿಂತ ಕಲ್ಲುಕಂಬಗಳ ಜೋಡಿಯನ್ನು ನೋಡುವುದು ವಿರಳ. ಅವು ತೂಬಿನ ಕಂಬಗಳು.

ಪೂರ್ವಿಕರ ತೂಬಿನ ರಚನೆ ಸರಳವಾದುದು, ಆದರೆ ಸುಲಭವಾದುದಲ್ಲ. ಎರಡು ನಿಡಿದಾದ ಕಂಬಗಳು. ಅವುಗಳ ನಡುವೆ ರಂಧ್ರ ಕೊರೆದ ಅಡ್ಡಗಲ್ಲುಗಳು. ಆ ರಂಧ್ರಗಳ ಮೂಲಕ ಇಳಿಬಿಟ್ಟ ಗಳು. ಅದರ ತುದಿಯಲ್ಲಿ ತಳದ ಕಲ್ಲುತೊಟ್ಟಿಯ ಕಂಡಿಯನ್ನು ಮುಚ್ಚುವ ಬಿರಡೆ. ಗಳುವನ್ನು ಮೇಲೆತ್ತಿದರೆ ನೀರು ಏರಿಯಡಿಯ ಕಲ್ಲಿನ ಕಾಲುವೆಯಲ್ಲಿ ಹರಿದು ಅಚ್ಚುಕಟ್ಟನ್ನು ಸೇರುವುದು. ಎತ್ತುವ ಅಧಿಕಾರ ಊರ ನೀರುಗಂಟಿಯದು. ಏರಿಯನ್ನು ಸೀಳಿ ಹಾಯುವ ಮಾರ್ಗವಾದ್ದರಿಂದ, ಕಲ್ಲಿನ ಕೂಡಿಕೆ ಸಡಿಲಿ ನೀರು ಮಣ್ಣಿಗೆ ಜಿನುಗಿದರೆ ಏರಿಯೇ ಕುಸಿಯುವುದು. ಆದಕಾರಣ ಕೆರೆಯ ಆಯುಷ್ಯವು ಬಹುಮಟ್ಟಿಗೆ ಕಲ್ಲುಕುಟಿಗನ ಕೈಯಲ್ಲಿತ್ತು.

ಈ ಕಾರ್ಯದ ಗೌರವವನ್ನು ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಸಂಸ್ಕೃತ ಶಾಸನದಿಂದ ತಿಳಿಯಬಹುದು. ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಆ ಕೆರೆಯಲ್ಲಿ ಸಾವಿರ ಮಂದಿ ಎರಡು ವರ್ಷ ದುಡಿದರೆಂದೂ, ತೂಬು ಮತ್ತು ಗೋಡೆಗಳ ಕಲ್ಲು ಸಾಗಿಸಲು ನೂರು ಬಂಡಿಗಳಿದ್ದುವೆಂದೂ ಅದು ಲೆಕ್ಕ ಕೊಡುತ್ತದೆ. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಹೇಳುತ್ತದೆ. ನಮ್ಮ ಕನ್ನಡ ಶಾಸನಗಳಲ್ಲಿಯೂ ಕೆರೆ ಕಟ್ಟಿಸಿ ತೂಬನ್ನಿಡಿಸಿದವರ ಹೆಸರು ಮತ್ತೆ ಮತ್ತೆ ಬರುತ್ತದೆ. ಬಿತ್ತುವಟ್ಟ, ಕಟ್ಟುಕೊಡಗೆಗಳೆಂಬ ಭೂದಾನಗಳು ಕೆರೆಯ ಕೆಲಸಕ್ಕೂ ಪಾಲನೆಗೂ ಮೀಸಲಾಗಿದ್ದುವು. ಕಲ್ಲು ಕಡಿದವನ ಹೆಸರು ಮಾತ್ರ ಅಪರೂಪ.

ಶರಣಸಾಹಿತ್ಯದ ಓದುಗರಿಗೆ ಇಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ನೆನಪಾಗದಿರರು. ಅವರ ಕೆರೆ ಇಂದಿನ ಸೊಲ್ಲಾಪುರದಲ್ಲಿದೆ. ಆ ಕಾರ್ಯದಲ್ಲಿ ಮಗ್ನರಾಗಿದ್ದ ಅವರನ್ನು ಪ್ರಭುದೇವರು ಒಡ್ಡನೆಂದು ಕರೆದು ಕೆಣಕಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬಂದಿದೆ. ಇದನ್ನು ಮುಂದಿಟ್ಟು ಕೆರೆಕಟ್ಟೆಗಳು ಶರಣರಿಗೆ ತೃಣಸಮಾನವೆಂದು ವಾದಿಸುವವರುಂಟು. ನನಗೆ ಇದು ಒಪ್ಪಿಗೆಯಿಲ್ಲ. ಪ್ರಭು ಚುಚ್ಚಿದ್ದು ಕೆರೆಯನ್ನಲ್ಲ, ‘ನಾನು ಕಟ್ಟಿಸಿದೆ’ ಎಂಬ ಭಾವವನ್ನು. ಕಾಯಕವನ್ನು ಕೈಲಾಸವೆಂದವರ ಪರಂಪರೆಯಲ್ಲಿ ಒಡ್ಡನೆಂಬುದು ಬೈಗುಳವಾಗಿ ಉಳಿಯಲಾರದು.

ಇಂದು ಈ ಸೀಮೆಯಲ್ಲಿ ಬಹುಪಾಲು ತೆಂಗಿನ ತೋಟಗಳಿಗೆ ಕೊಳವೆಬಾವಿಯೇ ಆಧಾರ. ಕೆಲವು ಕೆರೆಗಳಿಗೆ ಹೇಮಾವತಿಯ ನಾಲೆ ನೀರು ತರುತ್ತದೆ. ತೂಬನ್ನು ಎತ್ತುವುದಕ್ಕಿಂತ ಮುಚ್ಚಿಡುವುದೇ ಲಾಭವೆಂದು ರೈತರು ಬಗೆಯುವ ಊರುಗಳುಂಟು. ನೀರು ನಿಂತರೆ ಕೊಳವೆಬಾವಿಗೆ ಒರತೆ. ಇದು ತಪ್ಪೆನ್ನಲಾಗದು. ಆದರೆ ಬಳಕೆ ತಪ್ಪಿದ ತೂಬಿಗೆ ಕಾವಲಿಲ್ಲ. ಹೂಳೆತ್ತುವ ಯಂತ್ರಕ್ಕೆ ಕಂಬವೂ ಒಂದು ಅಡ್ಡಿಯೇ. ಕಿತ್ತ ಕಲ್ಲು ಯಾರದೋ ಮನೆಯ ತಳಪಾಯವಾಗುವುದು. ರೈಸ್ ಅವರು ತುಮಕೂರು ಜಿಲ್ಲೆಯ ಶಾಸನಗಳನ್ನು 1904ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ ಪ್ರಕಟಿಸಿದರು. ಅಂದು ನೀರಿನಲ್ಲೋ ಹೂಳಿನಲ್ಲೋ ಮುಳುಗಿದ್ದ ಕಲ್ಲಿನ ಮೇಲೆ ಬರಹವಿದ್ದರೆ ಅದು ಯಾರ ಕಣ್ಣಿಗೆ ಬಿದ್ದೀತು?

ಹೂಳೆತ್ತುವ ಮುನ್ನ ಪ್ರತಿಯೊಂದು ತೂಬಿನ ಅಳತೆ ಮತ್ತು ಛಾಯಾಚಿತ್ರ ತೆಗೆದು, ಕಂಬದ ನಾಲ್ಕು ಮುಖಗಳನ್ನೂ ತೊಳೆದು ನೋಡಬೇಕು. ಅಕ್ಷರ ಕಂಡರೆ ಪಡಿಯಚ್ಚು ತೆಗೆದು ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಕೆರೆ ಬತ್ತಿ ಕಂಬದ ಬುಡ ತೆರೆದುಕೊಳ್ಳುವ ಚೈತ್ರ, ವೈಶಾಖಗಳೇ ಇದಕ್ಕೆ ತಕ್ಕ ಕಾಲ.