ಅಧಿಕಾರಿಗಳು ಎದ್ದು ಹೊರಗೆ ಹೋಗುವ ಸಭೆ

ಮನೆಯಲ್ಲಿ ಮಗುವಿಗೆ ಬಾಸುಂಡೆ ಬರುವಂತೆ ಹೊಡೆಯುತ್ತಿದ್ದಾರೆ, ಇಲ್ಲವೇ ಹೊತ್ತಿಗೆ ಸರಿಯಾಗಿ ಅನ್ನ ಕಾಣದೆ ಅದು ಬೀದಿ ಸುತ್ತುತ್ತಿದೆ ಎಂದು ದೂರು ಬಂತೆನ್ನಿ. ಸರ್ಕಾರ ಏನು ಮಾಡಬೇಕು? ಮಗುವನ್ನು ಮನೆಯಿಂದ ಬಿಡಿಸಿ ಬಾಲಮಂದಿರಕ್ಕೆ ಸೇರಿಸಬೇಕೆ? ಹೆತ್ತವರಿಗೆ ಬುದ್ಧಿ ಹೇಳಿ ಅಲ್ಲಿಯೇ ಬಿಡಬೇಕೆ? ಮೊದಲನೆಯ ದಾರಿಯಲ್ಲಿ ಮಗು ತನ್ನವರನ್ನು ಕಳೆದುಕೊಳ್ಳುತ್ತದೆ. ಎರಡನೆಯದರಲ್ಲಿ ಕೆಲವೊಮ್ಮೆ ಪ್ರಾಣವನ್ನೇ ಕಳೆದುಕೊಳ್ಳುತ್ತದೆ. ಮಕ್ಕಳ ಕಲ್ಯಾಣ ಕಾರ್ಯ ಆರಂಭವಾದ ದಿನದಿಂದಲೂ ಈ ಇಕ್ಕಟ್ಟು ತಪ್ಪಿದ್ದಲ್ಲ. ಇದಕ್ಕೆ 1989ರಲ್ಲಿ ನ್ಯೂಜಿಲೆಂಡ್ ಕಂಡುಕೊಂಡ ಮೂರನೆಯ ದಾರಿಯೇ ಕುಟುಂಬ ಸಮಾಲೋಚನಾ ಸಭೆ.

ಆ ದೇಶದ ಮೂಲನಿವಾಸಿಗಳಾದ ಮಾವೋರಿ ಜನರ ನೋವೇ ಈ ಸಭೆಯ ಮೂಲ. ಮಾವೋರಿಗಳಲ್ಲಿ ಮಗು ತಂದೆ ತಾಯಿಯರದು ಮಾತ್ರವಲ್ಲ. ಅಜ್ಜ ಅಜ್ಜಿ, ಚಿಕ್ಕಪ್ಪ ದೊಡ್ಡಪ್ಪಂದಿರು, ಅತ್ತೆ ಮಾವಂದಿರೆಲ್ಲ ಸೇರಿದ 'ಫಾನೌ' ಎಂಬ ದೊಡ್ಡ ಬಳಗಕ್ಕೆ ಸೇರಿದ್ದು. ಆದರೆ ಬ್ರಿಟಿಷ್ ಮಾದರಿಯ ಕಾನೂನಿಗೆ ಕಂಡದ್ದು ತಂದೆ, ತಾಯಿ, ಮಗು ಇಷ್ಟೇ. ಹೆತ್ತವರು ಸೋತರೆ ಮಗು ನೇರವಾಗಿ ಸರ್ಕಾರದ ಪಾಲು. 1970ರ ದಶಕದ ಹೊತ್ತಿಗೆ ಸರ್ಕಾರಿ ವಸತಿಗೃಹಗಳಲ್ಲಿ ಮಾವೋರಿ ಮಕ್ಕಳ ಸಂಖ್ಯೆ ಜನಸಂಖ್ಯೆಯಲ್ಲಿನ ಅವರ ಪಾಲನ್ನು ಎಷ್ಟೋ ಮೀರಿತ್ತು. ಪಕ್ಕದ ಮನೆಯಲ್ಲೇ ಸಾಕಲು ಸಿದ್ಧಳಿದ್ದ ಅಜ್ಜಿಯನ್ನು ಕೇಳಬೇಕೆಂಬ ನಿಯಮವಿರಲಿಲ್ಲ.

1985ರಲ್ಲಿ ಸರ್ಕಾರ ಮಾವೋರಿ ಮುಖಂಡ ಜಾನ್ ರಂಗಿಹೌ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿತು. ಸಮಿತಿ ಊರೂರು ತಿರುಗಿ, ಮಾವೋರಿಗಳ ಸಭಾಸ್ಥಾನಗಳಲ್ಲಿ ಕುಳಿತು ಜನರ ಮಾತು ಕೇಳಿತು. 1986ರಲ್ಲಿ ಅದು ಸಲ್ಲಿಸಿದ ವರದಿಯ ಹೆಸರು 'ಪುವಾವೊ ತೆ ಆಟ ಟು', ಅಂದರೆ ಅರುಣೋದಯ. ಸಮಾಜ ಕಲ್ಯಾಣ ಇಲಾಖೆಯ ಕಾರ್ಯವೈಖರಿಯಲ್ಲೇ ಜನಾಂಗಭೇದ ಬೇರೂರಿದೆ ಎಂದು ವರದಿ ಮುಚ್ಚುಮರೆಯಿಲ್ಲದೆ ಹೇಳಿತು. ಮರುವರ್ಷವೇ ತೀರಿಕೊಂಡ ರಂಗಿಹೌ ಅವರಿಗೆ ಅದರ ಫಲ ನೋಡುವ ಯೋಗವಿರಲಿಲ್ಲ. 1989ರ ನವೆಂಬರ್ 1ರಂದು ಹೊಸ ಕಾಯಿದೆ ಜಾರಿಗೆ ಬಂತು.

ಕಾಯಿದೆಯ ತಿರುಳು ಸರಳ. ಮಗುವಿಗೆ ರಕ್ಷಣೆ ಬೇಕೆಂದು ಕಂಡುಬಂದಾಗ ಸಂಯೋಜಕರೊಬ್ಬರು ಇಡೀ ಬಳಗವನ್ನು ಕರೆಸುತ್ತಾರೆ. ಸಭೆ ಎಲ್ಲಿ, ಹೇಗೆ ಎಂಬುದನ್ನು ಮನೆಯವರನ್ನು ಕೇಳಿಯೇ ಗೊತ್ತುಮಾಡುತ್ತಾರೆ. ಸಮಾಜ ಕಾರ್ಯಕರ್ತರು ತಾವು ಕಂಡದ್ದನ್ನು ಎಲ್ಲರ ಮುಂದೆ ವಿವರಿಸುತ್ತಾರೆ. ಆಮೇಲೆ ಅಧಿಕಾರಿಗಳೆಲ್ಲ ಎದ್ದು ಹೊರಗೆ ಹೋಗುತ್ತಾರೆ! ಒಳಗೆ ಬಂಧುಗಳೇ ಮಾತಾಡಿ, ಜಗಳವಾಡಿ, ಅತ್ತು, ಕೊನೆಗೆ ಮಗು ಯಾರ ಬಳಿ ಇರಬೇಕು, ಖರ್ಚು ಯಾರದು, ಕಣ್ಣಿಡುವವರು ಯಾರು ಎಂದು ಯೋಜನೆ ಹೂಡುತ್ತಾರೆ. ಅದು ಮಗುವಿಗೆ ಸುರಕ್ಷಿತವೆನಿಸಿದರೆ ಇಲಾಖೆ ಒಪ್ಪಬೇಕು, ನೆರವು ಕೊಡಬೇಕು. ಒಮ್ಮತವಾಗದಿದ್ದರೆ ನ್ಯಾಯಾಲಯ ಇದ್ದೇ ಇದೆ.

'ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಅದೇ ಬೇಲಿಯನ್ನು ಕಾವಲಿಗಿಡುವುದೇ?' ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಾರಾದರೂ ಬರುವುದು ಮಗುವಿಗೆ ಒಳಿತಲ್ಲವೆನಿಸಿದರೆ ಅವರನ್ನು ಹೊರಗಿಡುವ ಅಧಿಕಾರವನ್ನು ಕಾಯಿದೆ ಸಂಯೋಜಕರಿಗೆ ಕೊಟ್ಟಿತ್ತು. ಇದನ್ನು ಇನ್ನಷ್ಟು ಬಿಗಿಗೊಳಿಸಿದ್ದು ಕೆನಡಾದ ನ್ಯೂಫೌಂಡ್‌ಲೆಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ. ಗೇಲ್ ಬರ್ಫರ್ಡ್ ಮತ್ತು ಜೋನ್ ಪೆನೆಲ್ 1990ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಮೂರು ಕಡೆ ಪ್ರಯೋಗ ನಡೆಸಿದರು: ಇನ್ಯುಟ್ ಜನರ ನೇನ್ ಎಂಬ ಊರು, ಪೋರ್ಟ್ ಓ ಪೋರ್ಟ್ ಎಂಬ ಹಳ್ಳಿಗಾಡು, ಸೇಂಟ್ ಜಾನ್ಸ್ ನಗರ. ಬಾಯಿಬಿಡಲು ಹೆದರುವ ತಾಯಿಗೂ ಮಗುವಿಗೂ ಪಕ್ಕದಲ್ಲಿ ಕೂರಲು ನಂಬಿಕೆಯ ಒಬ್ಬರನ್ನು ಆರಿಸಿಕೊಳ್ಳುವ ಅವಕಾಶವಿತ್ತು. ಒಟ್ಟು 32 ಕುಟುಂಬಗಳು ಭಾಗವಹಿಸಿದವು. ಸಭೆಯ ಹಿಂದಿನ ಮತ್ತು ಮುಂದಿನ ವರ್ಷಗಳನ್ನು ಹೋಲಿಸಿದಾಗ ಮಕ್ಕಳ ಮೇಲಿನ ದೌರ್ಜನ್ಯ ಮತ್ತು ಮನೆಯೊಳಗಿನ ಹಿಂಸೆಯ ಪ್ರಕರಣಗಳು ಅರ್ಧದಷ್ಟಕ್ಕೆ ಇಳಿದಿದ್ದವು.

ಆದರೆ ಒಂದು ನೆಲದ ಸಸಿ ಎಲ್ಲ ನೆಲದಲ್ಲೂ ಒಂದೇ ಸಮ ಬೆಳೆಯದು. ಸ್ವೀಡನ್‌ನಲ್ಲಿ ಸಭೆ ನಡೆದ 97 ಮಕ್ಕಳನ್ನು, ಹಳೆಯ ಕ್ರಮದಲ್ಲೇ ವಿಚಾರಣೆಯಾದ 142 ಮಕ್ಕಳೊಂದಿಗೆ ಮೂರು ವರ್ಷ ಹೋಲಿಸಿ ನೋಡಿದರು. 2004ರಲ್ಲಿ ಪ್ರಕಟವಾದ ಫಲಿತಾಂಶ ನಿರಾಶೆ ತಂದಿತು. ಸಭೆ ನಡೆದ ಮಕ್ಕಳ ಬಗ್ಗೆಯೇ ಮತ್ತೆ ಹೆಚ್ಚು ದೂರು ಬಂದಿತ್ತು. ಹಾಗೆ ದೂರು ಕೊಟ್ಟವರಲ್ಲಿ ಬಂಧುಗಳೇ ಹೆಚ್ಚಾಗಿದ್ದುದು ಗಮನಾರ್ಹ. ಇದು ಸೋಲೋ, ಬಳಗ ಎಚ್ಚೆತ್ತುದರ ಗುರುತೋ? ಎರಡು ರೀತಿಯಲ್ಲೂ ಓದಬಹುದು. ಇಂಗ್ಲೆಂಡಿನಲ್ಲಿ, ಪ್ರಕರಣ ಇನ್ನೇನು ನ್ಯಾಯಾಲಯದ ಮೆಟ್ಟಿಲು ಹತ್ತಬೇಕೆನ್ನುವ ಹಂತದ ಕುಟುಂಬಗಳಲ್ಲಿ ಈ ವಿಧಾನವನ್ನು ಪರೀಕ್ಷಿಸಲಾಯಿತು. 2023ರ ವರದಿಯಂತೆ, ಸಭೆಗೆ ಶಿಫಾರಸಾದ ಮಕ್ಕಳಲ್ಲಿ ವರ್ಷದ ಬಳಿಕ ಸರ್ಕಾರದ ಆಶ್ರಯದಲ್ಲಿದ್ದವರು ಶೇ 36. ಉಳಿದವರಲ್ಲಿ ಶೇ 45. ಯಾವ ದೇಶ ಎಂಬುದರಷ್ಟೇ ಯಾವ ಹಂತ ಎಂಬುದೂ ಮುಖ್ಯ.

ಹುಟ್ಟಿದ ನೆಲದಲ್ಲೂ ಎಲ್ಲವೂ ಸರಿಹೋಗಲಿಲ್ಲ. ಕಾಯಿದೆ ಪುಸ್ತಕದಲ್ಲಿತ್ತು, ಅಧಿಕಾರ ಇಲಾಖೆಯಲ್ಲೇ ಉಳಿಯಿತು. 2019ರಲ್ಲಿ ಹಾಕ್ಸ್ ಬೇ ಪ್ರದೇಶದ ಆಸ್ಪತ್ರೆಯಲ್ಲಿ ಮಾವೋರಿ ತಾಯಿಯ ಮಗ್ಗುಲಿಂದ ಹಸುಗೂಸನ್ನು ಒಯ್ಯಲು ನಡೆದ ಯತ್ನ ದೇಶವನ್ನೇ ಕೆರಳಿಸಿತು. 2024ರಲ್ಲಿ ರಾಯಲ್ ಕಮಿಷನ್ ಕೊಟ್ಟ ಲೆಕ್ಕ ಎದೆ ನಡುಗಿಸುವಂಥದು. 1950ರಿಂದ 2019ರವರೆಗೆ ಸರ್ಕಾರದ ಮತ್ತು ಧಾರ್ಮಿಕ ಸಂಸ್ಥೆಗಳ ಆಶ್ರಯದಲ್ಲಿದ್ದ ಸುಮಾರು 6.55 ಲಕ್ಷ ಜನರಲ್ಲಿ 2 ಲಕ್ಷದಷ್ಟು ಮಂದಿ ದೌರ್ಜನ್ಯಕ್ಕೆ ಒಳಗಾಗಿದ್ದರೆಂದು ಅದರ ಅಂದಾಜು. ಅದೇ ವರ್ಷದ ನವೆಂಬರ್‌ನಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಬೇಲಿ ಹೊಲ ಮೇಯುವುದು ಮನೆಯಲ್ಲಿ ಮಾತ್ರವಲ್ಲ!

ನಮ್ಮ ದೇಶದ 2015ರ ಬಾಲನ್ಯಾಯ ಕಾಯಿದೆಯೂ ಮಗುವಿನ ಪಾಲನೆಯ ಮೊದಲ ಹೊಣೆ ಕುಟುಂಬದ್ದೆಂದೂ, ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವೆಂದೂ ಹೇಳುತ್ತದೆ. ತೀರ್ಮಾನಿಸುವುದು ಮಕ್ಕಳ ಕಲ್ಯಾಣ ಸಮಿತಿ. ಹಿರಿಯರನ್ನು ಕೂರಿಸಿ ಮಾತಾಡುವುದು ನಮಗೆ ಹೊಸದಲ್ಲ. ಆದರೆ ಮಾನ ಉಳಿಸಿಕೊಳ್ಳಲು ಮಗುವಿನ ಬಾಯಿ ಮುಚ್ಚಿಸುವ ಪಂಚಾಯಿತಿಗಳನ್ನೂ ನಾವು ಕಂಡಿದ್ದೇವೆ. ಹಾಗಾಗಿ ನ್ಯೂಜಿಲೆಂಡಿನ ಸಭೆಯನ್ನು ಇದ್ದಂತೆಯೇ ಎತ್ತಿ ತಂದರೆ ಸಾಲದು. ಆ ಕೋಣೆಯಲ್ಲಿ ಮಗುವಿನ ಪಕ್ಕ ಕೂರುವವರು ಯಾರು ಎಂಬುದನ್ನು ಮೊದಲು ಗೊತ್ತುಮಾಡಬೇಕು. ಅಧಿಕಾರಿಗಳು ಹೊರಗೆ ಹೋಗುವುದು ಆಮೇಲಿನ ಮಾತು.